ಕೂಗುವ ಮೊದಲೇ ತಿರುಗಿ ನೋಡುವುದು: ಕೋಲಾರದ ಡೇಕೇರ್‌ನಲ್ಲಿ ನನ್ನ ಅನುಭವ

ಡೇಕೇರ್‌ನಲ್ಲಿ ಗಲಾಟೆ ದಿನವಿಡೀ ಒಂದೇ ಸಮ ಇರುವುದಿಲ್ಲ. ಅದಕ್ಕೂ ಹೊತ್ತುಗಳಿವೆ. ಬೆಳಿಗ್ಗೆ ಅಮ್ಮಂದಿರು ಬಿಟ್ಟು ಹೋಗುವಾಗ ಒಂದು ಸಲ. ಊಟಕ್ಕೆ ಮುಂಚಿನ ಅರ್ಧ ಗಂಟೆ ಇನ್ನೊಂದು ಸಲ. ಸಂಜೆ ಯಾರೋ ಒಬ್ಬರ ಅಪ್ಪ ಗೇಟು ತೆಗೆದ ಸದ್ದು ಕೇಳಿದ ಕೂಡಲೇ ಮತ್ತೊಂದು ಸಲ. ಎಲ್ಲಕ್ಕಿಂತ ಜೋರು ಇದೇ. ಬಂದಿದ್ದು ತನ್ನ ಮನೆಯವರಲ್ಲ ಎಂದು ಗೊತ್ತಾದ ಮಕ್ಕಳ ಸಂಕಟ ಅದು. ಈ ಮೂರು ಹೊತ್ತನ್ನು ಮೊದಲು ಗುರುತು ಮಾಡಿಕೊಳ್ಳಿ ಎಂದು ಹೊಸದಾಗಿ ಡೇಕೇರ್ ಶುರು ಮಾಡುವವರಿಗೆಲ್ಲ ಹೇಳುತ್ತೇನೆ.

ನಾನು ಕೋಲಾರದಲ್ಲಿ ಬಾಡಿಗೆ ಮನೆಯೊಂದರಲ್ಲಿ ಡೇಕೇರ್ ನಡೆಸುತ್ತಿದ್ದೇನೆ. ಬರುವ ಮಕ್ಕಳಲ್ಲಿ ಹೆಚ್ಚಿನವರ ಅಮ್ಮಂದಿರು ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಿಗೆ ಹೋಗುತ್ತಾರೆ. ಫಸ್ಟ್ ಶಿಫ್ಟ್ ಇದ್ದರೆ ಕಂಪನಿ ಬಸ್ಸು ಬರುವುದು ಬೆಳಕು ಹರಿಯುವ ಹೊತ್ತಿಗೆ. ನಿದ್ದೆಗಣ್ಣಿನ ಮಗುವಿಗೆ ಶಾಲು ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಬರುತ್ತಾರೆ. ಆ ಮಗು ಹತ್ತು ಗಂಟೆಗೆ ಕಿರುಚಿದರೆ ಹಟಮಾರಿ ಎಂದು ಹೆಸರಿಡಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ನಿದ್ದೆ ಸಾಲದು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕದಲ್ಲಿ 1–2 ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, 3–4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲು ಮಲಗುವುದೂ ಇದರಲ್ಲೇ ಸೇರಿದೆ. ಅಮ್ಮ ಅಡುಗೆ ಮುಗಿಸಿ ಮಲಗುವ ತನಕ ಎಚ್ಚರ ಇದ್ದು, ಬೆಳಿಗ್ಗೆ ಐದಕ್ಕೆ ಎದ್ದ ಮಗುವಿಗೆ ಇಷ್ಟು ಎಲ್ಲಿಂದ ಬರಬೇಕು? ಅದಕ್ಕೇ ಒಳಗಿನ ಕೋಣೆಗೆ ದಪ್ಪ ಪರದೆ ಹಾಕಿಸಿದೆ. ಬೇಗ ಬಂದವರು ತಿಂಡಿಗೆ ಮುಂಚೆ ಅಲ್ಲಿ ಇನ್ನೊಂದು ನಿದ್ದೆ ಮಾಡುತ್ತಾರೆ. ಬೆಳಗಿನ ಕಿರುಚಾಟ ಇದರಿಂದಲೇ ಸುಮಾರು ಇಳಿಯಿತು.

ಮಕ್ಕಳನ್ನು ತಿದ್ದುವ ಮಾತಿಗೆ ಮುಂಚೆ ಮನೆಯ ಬಗ್ಗೆ ಹೇಳಬೇಕು. ನಮ್ಮದು ಟೈಲ್ಸ್ ನೆಲ, ಮೋಲ್ಡ್ ಛಾವಣಿ, ಸಾಮಾನು ಕಡಿಮೆ ಇರುವ ದೊಡ್ಡ ಹಾಲ್. ಇಂಥ ಕಡೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಒಂದು ಮಗು ಚಮಚ ಬೀಳಿಸಿದರೂ ಇಡೀ ಹಾಲ್ ಝಣ ಎನ್ನುತ್ತದೆ. ಗದ್ದಲದ ಜಾಗದಲ್ಲಿ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರಾನ್ಸಿನ ಕಿವಿ ಡಾಕ್ಟರು 1911ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಒಂದು ಮಗು ಜೋರಾಗಿ ಮಾತಾಡಿದರೆ ಪಕ್ಕದ್ದು ಇನ್ನೂ ಜೋರು. ಅಷ್ಟೊತ್ತಿಗೆ ನಾವೂ ಕೂಗುತ್ತಿರುತ್ತೇವೆ. ಹಾಗಾಗಿ ನೆಲಕ್ಕೆ ಜಮಖಾನೆ ಹಾಸಿದೆ. ಕಿಟಕಿಗಳಿಗೆ ಹಳೆಯ ಕಾಟನ್ ಸೀರೆಗಳನ್ನು ಎರಡು ಪದರ ಮಡಚಿ ಹೊಲಿಸಿ ಇಳಿಬಿಟ್ಟೆ. ಒಂದು ಗೋಡೆಗೆ ಮಕ್ಕಳ ಹಾಸಿಗೆಗಳನ್ನೇ ಒರಗಿಸಿಡುತ್ತೇವೆ. ಕುರ್ಚಿ ಕಾಲಿಗೆ ರಬ್ಬರ್ ಬೂಟು ಹಾಕಿಸಿದೆ. ಹಿನ್ನೆಲೆಯಲ್ಲಿ ಸುಮ್ನೆ ಓಡುತ್ತಿದ್ದ ಟಿವಿಯನ್ನು ಪೂರ್ತಿ ನಿಲ್ಲಿಸಿದೆ. ಮಕ್ಕಳ ಹಾಡಿನ ವಿಡಿಯೋ ಹಾಕಿದರೆ ಸುಮ್ಮನಾಗುತ್ತಾರೆ ಎನ್ನುವವರು ಅದನ್ನು ಆರಿಸಿದ ಮೇಲಿನ ಹತ್ತು ನಿಮಿಷ ನೋಡಬೇಕು.

ಆಯಮ್ಮನಿಗೂ ನನಗೂ ಒಂದು ಕಟ್ಟುನಿಟ್ಟು ಇದೆ. ಅಡುಗೆಮನೆಯಿಂದ ಹಾಲ್‌ಗೆ ಕೂಗಿ ಮಾತಾಡುವಂತಿಲ್ಲ. ಹತ್ತಿರ ಹೋಗಿ, ಮಗುವಿನ ಎತ್ತರಕ್ಕೆ ಕೂತು, ಮೆಲ್ಲಗೆ ಹೇಳಬೇಕು. ದಿನಕ್ಕೆ ಎಷ್ಟು ಸಲ ಕೂತು ಏಳಬೇಕು ಎಂದರೆ ಮಂಡಿಗೆ ನೋವು ಬರುತ್ತದೆ, ನಿಜ. ಆದರೆ ದೂರದಿಂದ ಕೂಗಿ ಹೇಳಿದ ಮಾತು ಎರಡು ವರ್ಷದ ಮಗುವಿಗೆ ಬರೀ ಸದ್ದು. ಅದು ತನಗೆ ಹೇಳಿದ್ದು ಎಂದೇ ಗೊತ್ತಾಗುವುದಿಲ್ಲ.

ಇನ್ನು ಗಮನಕ್ಕಾಗಿ ಗಲಾಟೆ ಮಾಡುವ ಮಕ್ಕಳ ವಿಷಯ. ನನ್ನ ಹತ್ತಿರ ಮೂರೂವರೆ ವರ್ಷದ ಒಬ್ಬ ಹುಡುಗ ಇದ್ದ. ಮಾತು ಚುರುಕು, ಕೈಕಾಲು ಅದಕ್ಕಿಂತ ಚುರುಕು. ನಾನು ಯಾವುದೇ ಎಳೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ರಾಗಿ ಸರಿ ತಿನ್ನಿಸಲು ಶುರು ಮಾಡಲಿ, ಅವನು ಸ್ಟೀಲ್ ತಟ್ಟೆ ಬೋರಲು ಹಾಕಿ ನೆಲಕ್ಕೆ ಬಡಿಯುತ್ತಿದ್ದ. ಬಡಿಯುವಾಗ ಅವನ ಕಣ್ಣು ತಟ್ಟೆಯ ಮೇಲೆ ಇರುತ್ತಿರಲಿಲ್ಲ. ನನ್ನ ಮುಖದ ಮೇಲೇ ಇರುತ್ತಿತ್ತು. ಒಂದು ಏಟು, ಒಂದು ನೋಟ. ಮತ್ತೊಂದು ಏಟು, ಮತ್ತೊಂದು ನೋಟ. ನಾನು ತಿರುಗಿದರೆ ನಗು. ತಿರುಗದಿದ್ದರೆ ಪಕ್ಕದ ಮಗುವಿನ ಜುಟ್ಟಿಗೆ ಕೈ.

ನಾನು ಒಂದು ನೋಟ್‌ಬುಕ್ ಇಟ್ಟೆ. ಅವನ ಗಲಾಟೆಗೆ ಸ್ವಲ್ಪ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ದೊಡ್ಡವರು ಏನು ಮಾಡಿದರು. ಮೂರು ಕಲಂ, ಅಷ್ಟೇ. ಮಕ್ಕಳ ನಡವಳಿಕೆ ನೋಡುವ ತಜ್ಞರು ಬಳಸುವುದೂ ಇದೇ ಕ್ರಮ. ಪುಟ ತುಂಬಿದಂತೆ ಚಿತ್ರ ಕಾಣಿಸಿತು. ನಾನು ಎಳೆ ಮಗುವನ್ನು ಎತ್ತಿಕೊಂಡಾಗ, ಫೋನಿನಲ್ಲಿ ಮಾತಾಡುವಾಗ, ಬಾಗಿಲಲ್ಲಿ ಯಾರದೋ ಅಮ್ಮನ ಜೊತೆ ನಿಂತಾಗ, ಆಗಲೇ ಅವನ ಗಲಾಟೆ. ಮೂರನೇ ಕಲಂನಲ್ಲಿ ಪ್ರತಿ ಸಲ ಯಾರೋ ಒಬ್ಬರು ತಿರುಗಿ ನೋಡಿದ್ದರು. ‘ಏಯ್’ ಎಂದದ್ದು, ಗದರಿದ್ದು, ಎತ್ತಿಕೊಂಡು ಆಚೆ ಕೂರಿಸಿದ್ದು, ಎಲ್ಲವೂ ಅವನಿಗೆ ಸಿಕ್ಕ ಗಮನವೇ. ಬೈಗುಳವಾದರೂ ಸರಿ, ಮುಖ ತನ್ನ ಕಡೆ ತಿರುಗಬೇಕು. ಮನೆಯಲ್ಲಿ ತಂಗಿ ಹುಟ್ಟಿ ಸ್ವಲ್ಪ ಕಾಲವಾಗಿತ್ತು ಎಂದು ಅವನ ಅಜ್ಜಿ ಹೇಳಿದ ಮೇಲೆ ಉಳಿದದ್ದೂ ಅರ್ಥವಾಯಿತು.

ಅವನಿಗೆ ಬೇಕಾದದ್ದನ್ನು ಅವನು ಕೇಳುವ ಮೊದಲೇ ಕೊಡಲು ಶುರು ಮಾಡಿದೆ. ಬೆಳಿಗ್ಗೆ ಬಂದ ಕೂಡಲೇ ಐದು ನಿಮಿಷ ಅವನ ಜೊತೆ ಮಾತ್ರ. ಫೋನು ಕಪಾಟಿನಲ್ಲಿ. ಆಟ ಅವನೇ ಆರಿಸಬೇಕು, ನಾನು ಕಲಿಸುವಂತಿಲ್ಲ, ತಿದ್ದುವಂತಿಲ್ಲ, ಅವನು ಮಾಡುವುದನ್ನು ನೋಡಿ ಮಾತಾಡಬೇಕು ಅಷ್ಟೇ. ‘ಓ, ಲಾರಿಗೆ ಟೊಮೆಟೊ ತುಂಬ್ತಿದ್ದೀಯಾ? ಎಲ್ಲಿಗೆ ಹೋಗುತ್ತೆ ಲಾರಿ?’ ನಮ್ಮ ಊರಿನ ಮಕ್ಕಳಿಗೆ ಎಪಿಎಂಸಿ ಯಾರ್ಡಿಗೆ ಹೋಗುವ ಟೊಮೆಟೊ ಕ್ರೇಟುಗಳ ಲಾರಿಗಿಂತ ದೊಡ್ಡ ಆಟ ಬೇರೆ ಇಲ್ಲ. ಎಳೆ ಮಗುವಿಗೆ ತಿನ್ನಿಸಲು ಕೂರುವ ಮೊದಲು ಅವನನ್ನು ಕರೆದು, ‘ಚಮಚ ಕೊಡೋದು ನಿನ್ನ ಕೆಲಸ’ ಎಂದು ಒಪ್ಪಿಸಿದೆ. ತಟ್ಟೆ ಬಡಿಯುತ್ತಿದ್ದ ಕೈಗೇ ತಟ್ಟೆ ಹಂಚುವ ಕೆಲಸ ಬಂತು. ಅವನು ಸುಮ್ಮನೆ ಬ್ಲಾಕ್ ಜೋಡಿಸುತ್ತಾ ಕೂತಿದ್ದಾಗ ಹಾದು ಹೋಗುತ್ತಾ ತಲೆ ಸವರುವುದು, ಹೆಸರು ಹಿಡಿದು ಒಂದು ಮಾತು ಹೇಳುವುದು. ಇದೇ ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಅನಿಸುತ್ತದೆ. ಸುಮ್ಮನಿರುವ ಮಗುವನ್ನು ಮಾತಾಡಿಸಿದರೆ ಮತ್ತೆ ಗಲಾಟೆ ಶುರುವಾದೀತು ಎಂಬ ಭಯ ಎಲ್ಲರಿಗೂ ಇರುತ್ತದೆ. ಆದರೆ ಸುಮ್ಮನಿದ್ದಾಗ ಯಾರೂ ನೋಡದ ಮಗುವೇ ಕೂಗುವುದನ್ನು ಕಲಿಯುವುದು.

ಇದರ ಜೊತೆಗೆ ತಟ್ಟೆ ಬಡಿದಾಗ ನೋಡದೇ ಇರಬೇಕು. ಇದು ಬಹಳ ಕಷ್ಟ. ನಾವು ನೋಡುವುದನ್ನು ನಿಲ್ಲಿಸಿದರೆ ಗಲಾಟೆ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಯಾವಾಗಲೂ ಸಿಗುತ್ತಿದ್ದದ್ದು ಸಿಗದಿದ್ದರೆ ಮಗು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ, ಅಲ್ವಾ? ಆ ದಿನಗಳಲ್ಲಿ ಒಬ್ಬರು ಸೋತು ತಿರುಗಿದರೂ ‘ಇಷ್ಟು ಜೋರಾದರೆ ಕೆಲಸ ಆಗುತ್ತದೆ’ ಎಂದು ಮಗು ಕಲಿಯುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಸಿಗುವ ಅಭ್ಯಾಸ ಬಿಡಿಸುವುದೇ ಕಷ್ಟ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಮುಂತಾದವರು ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಾಗಿ ಆಯಮ್ಮ, ನಾನು, ಕರೆದುಕೊಂಡು ಹೋಗಲು ಬರುವ ಅಜ್ಜಿ, ಮೂವರೂ ಒಂದೇ ಮಾತಿಗೆ ಒಪ್ಪಿಕೊಂಡೆವು. ಬಡಿಯುವುದು ನಿಂತ ಕ್ಷಣಕ್ಕೆ, ಅದು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದೇ ಆದರೂ, ನಾನು ತಿರುಗಿ ಮಾತಾಡಿಸುತ್ತಿದ್ದೆ.

ಇಲ್ಲಿ ಒಂದು ಎಚ್ಚರ. ನೋಡದೇ ಇರುವುದು ತಟ್ಟೆ ಬಡಿಯುವುದಕ್ಕೆ, ಸುಮ್ಮಸುಮ್ಮನೆ ಕಿರುಚುವುದಕ್ಕೆ ಮಾತ್ರ. ಕಚ್ಚುವುದು, ಹೊಡೆಯುವುದು, ಮೇಲಿಂದ ಹಾರುವುದು ಇದ್ದರೆ ತಕ್ಷಣ ಹೋಗಿ ಕೈ ಹಿಡಿದು ತಡೆಯಬೇಕು. ಮಾತು ಕಡಿಮೆ, ಮುಖದಲ್ಲಿ ಕೋಪ ಬೇಡ, ಮೊದಲು ಏಟು ತಿಂದ ಮಗುವನ್ನು ಎತ್ತಿಕೊಳ್ಳಬೇಕು. ನೋವಿನ ಅಳು, ಭಯದ ಅಳುವಿಗೆ ಓಡಲೇಬೇಕು. ಎರಡು ವರ್ಷದೊಳಗಿನ ಮಕ್ಕಳಿಗಂತೂ ಈ ಉಪಾಯ ಸಲ್ಲದು. ಆ ವಯಸ್ಸಿನಲ್ಲಿ ಅಳುವೇ ಮಾತು. ಅದಕ್ಕೆ ಉತ್ತರ ಸಿಕ್ಕ ಮಕ್ಕಳೇ ಮುಂದೆ ಕಾಯುವುದನ್ನು ಕಲಿಯುತ್ತಾರೆ.

ಕೋಲಾರಕ್ಕೇ ವಿಶೇಷವಾದ ಒಂದು ಸಂಗತಿ ಇದೆ. ಇಲ್ಲಿ ಬಹಳ ಮನೆಗಳಲ್ಲಿ ತೆಲುಗು. ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬಂದವರಲ್ಲಿ ಇನ್ನೂ ಜಾಸ್ತಿ. ಉರ್ದು ಮಾತಾಡುವ ಮನೆಗಳಿವೆ, ಕೆಜಿಎಫ್ ಕಡೆಯ ತಮಿಳು ಮನೆಗಳಿವೆ. ದೊಡ್ಡವರು ಎಲ್ಲ ಭಾಷೆಯಲ್ಲೂ ಓಡಾಡಿಕೊಂಡಿರುತ್ತಾರೆ. ಎರಡೂವರೆ ವರ್ಷದ ಮಗುವಿಗೆ ಅಮ್ಮನ ಭಾಷೆ ಒಂದೇ. ಹೊಸದಾಗಿ ಸೇರಿದ ಒಂದು ಹೆಣ್ಣು ಮಗು ಬಾಗಿಲ ಬಳಿ ನಿಂತು ‘ಅಮ್ಮ ಕಾವಾಲ’ (ಅಮ್ಮ ಬೇಕು) ಎಂದು ತೆಲುಗಿನಲ್ಲಿ ಗಂಟಲು ಕಟ್ಟುವಷ್ಟು ಕೂಗುತ್ತಿತ್ತು. ಸುತ್ತ ಎಲ್ಲರೂ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದೆವು. ಆಯಮ್ಮ ಒಲೆ ಸಣ್ಣ ಮಾಡಿ ಬಂದು ಪಕ್ಕ ಕೂತರು. ‘ಪಾಲು ತಾಗಿ ಪಂಡುಕೊಂಟೇ ಅಮ್ಮ ವಸ್ತಾದಿ, ನಾಯ್ನ’ (ಹಾಲು ಕುಡಿದು ಮಲಗಿದರೆ ಅಮ್ಮ ಬರ್ತಾಳೆ, ಕಂದ) ಎಂದರು. ಮಗು ಅವರ ಮುಖವನ್ನೇ ನೋಡಿತು. ಅಳು ನಿಲ್ಲಲಿಲ್ಲ, ಆದರೆ ಬಾಗಿಲು ಬಿಟ್ಟು ಅವರ ಸೆರಗು ಹಿಡಿಯಿತು. ಈಗ ಮಗು ಸೇರಿಸಿಕೊಳ್ಳುವಾಗ ಮನೆಯಲ್ಲಿ ನೀರಿಗೆ, ಹಸಿವಿಗೆ, ನಿದ್ದೆಗೆ, ಟಾಯ್ಲೆಟ್‌ಗೆ ಏನನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಅಮ್ಮ ಐದು ಗಂಟೆಗೆ ಬರುತ್ತಾರೆ ಎಂದು ಯಾವ ಮಗುವಿಗೂ ಹೇಳುವುದಿಲ್ಲ. ಊಟ ಮಾಡಿ, ಮಲಗಿ ಎದ್ದು, ಹಾಲು ಕುಡಿದು, ಅಂಗಳದಲ್ಲಿ ಆಡಿದ ಮೇಲೆ ಬರುತ್ತಾರೆ ಎನ್ನುತ್ತೇನೆ. ಮಕ್ಕಳ ಗಡಿಯಾರ ಅದೇ.

ಕೆಲವು ಮಕ್ಕಳು ಜೋರಾಗಿ ಮಾತಾಡುವುದಕ್ಕೆ ಕಾರಣ ಕಿವಿ. ಪದೇ ಪದೇ ಶೀತ ಆಗುವ ಕೆಲವು ಮಕ್ಕಳಲ್ಲಿ ಕಿವಿ ತಮಟೆಯ ಹಿಂದೆ ನೀರು ತುಂಬಿಕೊಳ್ಳುತ್ತದೆ. ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಕೇಳಿಸುವುದು ಮಾತ್ರ ಮಂಕಾಗುತ್ತದೆ. ಮಗು ಕರೆದರೆ ಬರುವುದಿಲ್ಲ, ಟಿವಿ ಸೌಂಡ್ ಏರಿಸುತ್ತದೆ, ಕೂಗಿಯೇ ಮಾತಾಡುತ್ತದೆ. ಎಲ್ಲರೂ ಮೊಂಡು ಎನ್ನುತ್ತಾರೆ. ನಾನು ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡುತ್ತೇನೆ. ತಿರುಗದಿದ್ದರೆ, ಇನ್ನೊಂದು ದಿನವೂ ಹಾಗೇ ಆದರೆ, ಕಿವಿ ಡಾಕ್ಟರಿಗೆ ತೋರಿಸಿ ಎಂದು ಅಪ್ಪ ಅಮ್ಮನಿಗೆ ಹೇಳುತ್ತೇನೆ. ಇಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಆರೋಗ್ಯ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಕಾರ್ಯಕ್ರಮ 2013ರಿಂದಲೂ ಇದೆ. ಅಂಗನವಾಡಿಗೆ ಅವರ ತಂಡ ಬಂದಾಗ ಕಿವಿ ವಿಷಯ ಬಾಯಿಬಿಟ್ಟು ಹೇಳಿ ಎಂದು ತಾಯಂದಿರಿಗೆ ಒತ್ತಿ ಹೇಳುತ್ತೇನೆ.

ಕೂಗುವುದಕ್ಕೂ ಜಾಗ ಬೇಕು. ಬೆಳಿಗ್ಗೆ ಬಿಸಿಲೇರುವ ಮುಂಚೆ ಹಿಂದಿನ ಅಂಗಳಕ್ಕೆ ಬಿಡುತ್ತೇವೆ. ಅಲ್ಲಿ ಎಷ್ಟು ಬೇಕಾದರೂ ಕೂಗಬಹುದು, ಓಡಬಹುದು, ಮರಳಿನ ತೊಟ್ಟಿಯಲ್ಲಿ ಹೊರಳಬಹುದು. ಒಳಗೆ ಬರುವಾಗ ಬಾಗಿಲಲ್ಲಿ ಕಿವಿಯಲ್ಲಿ ಗುಟ್ಟು ಹೇಳುವ ಆಟ ಇದೆ. ನಾನು ಮೊದಲನೆಯವರ ಕಿವಿಯಲ್ಲಿ ಇವತ್ತಿನ ಊಟ ಏನು ಎಂದು ಹೇಳುತ್ತೇನೆ, ಅದು ಸಾಲಿನ ಕೊನೆವರೆಗೆ ಹೋಗಬೇಕು. ಮುದ್ದೆ ಬಸ್ಸಾರು ಎಂದು ಹೊರಟದ್ದು ಏನೇನೋ ಆಗಿ ತಲುಪುತ್ತದೆ. ನಗುತ್ತಾ ಒಳಗೆ ಬಂದ ಮಕ್ಕಳು ತಟ್ಟೆ ಮುಂದೆ ಬೇಗ ಕೂರುತ್ತಾರೆ. ಊಟದ ಮುಂಚಿನ ಅರ್ಧ ಗಂಟೆಗೆ ಬಾಳೆಹಣ್ಣಿನ ಎರಡು ತುಂಡು ಕೊಟ್ಟರೂ ಸಾಕು, ವ್ಯತ್ಯಾಸ ಕಾಣುತ್ತದೆ.

ಇಷ್ಟೆಲ್ಲ ಮಾಡಲು ಕೈಗಳು ಬೇಕು. ಉದ್ಯೋಗಸ್ಥ ತಾಯಂದಿರ ಶಿಶುಪಾಲನಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ತರಬೇತಿ ಪಡೆದ ಕಾರ್ಯಕರ್ತೆ, ಅದಕ್ಕಿಂತ ದೊಡ್ಡ 20 ಮಕ್ಕಳಿಗೆ ಒಬ್ಬರು, ಜೊತೆಗೆ ಸಹಾಯಕಿ ಎಂದಿದೆ. ನನ್ನ ಅನುಭವದಲ್ಲಿ ಒಬ್ಬರಿಗೆ 20 ಮಕ್ಕಳು ಬಹಳ ಹೆಚ್ಚು. ಅಷ್ಟು ಮಕ್ಕಳಿದ್ದರೆ ಕೂಗಿದವರನ್ನು ಮಾತ್ರ ನೋಡಲು ಆಗುತ್ತದೆ. ಅದಕ್ಕೇ ಫೀಸು ಕಡಿಮೆ ಬಂದರೂ ನಾನು ಜಾಸ್ತಿ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ತಂದ ನಿಯಮದ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಇದು ಗೊತ್ತಿಲ್ಲದ ತಾಯಂದಿರು ಬಹಳ. ಮಗು ನನ್ನ ಹತ್ತಿರ ಬರದೇ ಅವರ ಕೆಲಸದ ಜಾಗದಲ್ಲೇ ಇದ್ದರೆ ನನಗೆ ಬೇಸರವಿಲ್ಲ. ಮಧ್ಯಾಹ್ನ ಒಂದು ಸಲ ಅಮ್ಮನ ಮುಖ ನೋಡಿದ ಮಗುವಿನ ಸಂಜೆಯೇ ಬೇರೆ.

ಸಂಜೆ ಒಪ್ಪಿಸುವಾಗ ಮಗುವಿನ ಎದುರು ದೂರು ಹೇಳುವುದಿಲ್ಲ. ಶಿಫ್ಟ್ ಮುಗಿಸಿ ಬಂದ ಅಮ್ಮ ಸುಸ್ತಾಗಿರುತ್ತಾರೆ, ನನ್ನ ಒಂದು ಮಾತಿಗೆ ಮಗುವಿನ ಬೆನ್ನ ಮೇಲೆ ಏಟು ಬೀಳಬಹುದು. ಹೇಳಬೇಕಾದದ್ದನ್ನು ರಾತ್ರಿ ಫೋನಿನಲ್ಲಿ ಹೇಳುತ್ತೇನೆ. ತಟ್ಟೆ ಬಡಿಯುತ್ತಿದ್ದ ಆ ಹುಡುಗನ ಅಮ್ಮನ ಹತ್ತಿರ ಒಂದೇ ಕೇಳಿದ್ದೆ, ಮನೆಗೆ ಹೋದ ಮೇಲೆ ಪುಟ್ಟಿಯನ್ನು ಎತ್ತಿಕೊಳ್ಳುವ ಮೊದಲು ಹತ್ತು ನಿಮಿಷ ಇವನ ಜೊತೆ ಕೂರಿ ಎಂದು. ‘ಅಡುಗೆ ಯಾವಾಗ ಮಾಡಲಿ ಅಕ್ಕ?’ ಎಂದರು. ನ್ಯಾಯವಾದ ಪ್ರಶ್ನೆ. ಹಾಗಾದರೆ ಬಟಾಣಿ ಬಿಡಿಸಲು, ಸೊಪ್ಪು ಸೋಸಲು ಇವನನ್ನೇ ಪಕ್ಕ ಕೂರಿಸಿಕೊಳ್ಳಿ ಎಂದೆ. ಅದು ಅವರಿಗೆ ಹೊಂದಿತು. ಕ್ರಮೇಣ ತಟ್ಟೆ ಬಡಿಯುವುದು ನಿಂತಿತು. ಹಬ್ಬಕ್ಕೆಂದು ಊರಿಗೆ ಹೋಗಿ, ಅಜ್ಜಿ ತಾತನ ಜೊತೆ ಇದ್ದು ವಾಪಸ್ ಬಂದಾಗ ಮಾತ್ರ ಮತ್ತೆ ಶುರುವಾಗುತ್ತಿತ್ತು. ಅವನೊಬ್ಬನೇ ಅಲ್ಲ, ಎಲ್ಲ ಮಕ್ಕಳೂ ಹಾಗೇ. ಹಾಗಾಗಿ ಸಂಕ್ರಾಂತಿ, ಯುಗಾದಿ ರಜೆ ಮುಗಿದ ಮೊದಲ ದಿನ ಬ್ಯಾಂಕು, ಅಂಗಡಿ ಅಂತ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಬೆಳಗಿನಿಂದ ನೆಲದ ಮೇಲೆ ಮಕ್ಕಳ ಜೊತೆ ಕೂತುಬಿಡುತ್ತೇನೆ.