ಘಾಟಿ ಇಳಿಸುವ ಟ್ರ್ಯಾಕ್ಟರನ್ನು ನಾನು ಕಟ್ಟುವ ಕ್ರಮ

ಟ್ರ್ಯಾಕ್ಟರನ್ನು ಟ್ರೈಲರಿನ ಮೇಲೆ ಹೇರಿ ಸಾಗಿಸುವಾಗ ಬಯಲುಸೀಮೆಯ ನೇರ ರಸ್ತೆಗೆ ಸಾಕಾಗುವ ಕಟ್ಟು ಮಲೆನಾಡಿನಲ್ಲಿ ಸಾಲುವುದಿಲ್ಲ. ಹೊಸನಗರದಿಂದ ಹುಲಿಕಲ್ ಘಾಟಿ ಇಳಿಯುವಾಗ ಇಳಿಜಾರು, ಬ್ರೇಕು, ತಿರುವು ಮೂರೂ ಒಂದೇ ಹೊತ್ತಿಗೆ ಟ್ರ್ಯಾಕ್ಟರನ್ನು ಎಳೆಯುತ್ತವೆ. ಹಾಗಾಗಿ ನಾನು ಕಟ್ಟುವುದು ಇಳಿಯುವ ದಾರಿಯನ್ನು ಲೆಕ್ಕಕ್ಕಿಟ್ಟುಕೊಂಡು.

ಮೊದಲು ತೂಕ. 45 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. ಗದ್ದೆ ಕೆಲಸಕ್ಕೆಂದು ಹಿಂದಿನ ಟೈರಿಗೆ ನೀರು ತುಂಬಿಸಿದ್ದರೆ 13.6-28 ಅಳತೆಯ ಒಂದೊಂದು ಟೈರಿಗೂ ಸುಮಾರು 200 ಲೀಟರ್, ಅಂದರೆ ಇನ್ನೂ 400 ಕಿಲೋ ಸೇರಿತು. ಸರಕು ಕಟ್ಟುವುದಕ್ಕೆ ಯುರೋಪಿನವರು ಇಟ್ಟುಕೊಂಡ ಲೆಕ್ಕ ನನಗೆ ಒಪ್ಪಿಗೆ: ಮುಂದಕ್ಕೆ ಜಾರದಂತೆ ತೂಕದ ಶೇ. 80, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ. 50 ತಡೆಯಬೇಕು. 2,400 ಕಿಲೋಗೆ ಮುಂದಿನ ತಡೆ 1,920 ಕಿಲೋ.

ಹತ್ತಿಸಲು ಧರೆ, ಅಂದರೆ ಟ್ರೈಲರಿನಷ್ಟೇ ಎತ್ತರದ ಮಣ್ಣಿನ ದಿಬ್ಬ, ಸಿಕ್ಕರೆ ಅದೇ ಒಳ್ಳೆಯದು. ಟ್ರೈಲರಿನ ಬಾಲವನ್ನು ಧರೆಗೆ ಒತ್ತಿ ನಿಲ್ಲಿಸಿದರೆ ಏರು ಇರುವುದೇ ಇಲ್ಲ. ಧರೆ ಇಲ್ಲದೆ ಮೂರು ಅಡಿ ಎತ್ತರಕ್ಕೆ ಎಂಟಡಿ ಹಲಗೆ ಹಾಕಿದರೆ ಏರು 22 ಡಿಗ್ರಿ. ಅಂಥ ಕಡೆ ರಿವರ್ಸ್‌ನಲ್ಲೇ ಹತ್ತಿಸುತ್ತೇನೆ. ಭಾರದ ಹಿಂಭಾಗ ಮೇಲಿದ್ದರೆ ಮುಂದಿನ ಚಕ್ರ ಏಳುವುದಿಲ್ಲ. ಎಡ-ಬಲ ಬ್ರೇಕ್ ಪೆಡಲುಗಳನ್ನು ಕೂಡಿಸುವ ಲಾಕ್ ಹಾಕದೆ ಹಲಗೆ ಮುಟ್ಟಬೇಡಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಅಡ್ಡ ತಿರುಗಿ ಹಲಗೆಯಿಂದ ಬೀಳುತ್ತದೆ. ಟ್ರೈಲರಿನ ಬಾಲದಡಿ ಮರದ ದಿಮ್ಮಿ ಕೊಟ್ಟಿರಬೇಕು, ಇಲ್ಲದಿದ್ದರೆ ಭಾರ ಬಿದ್ದ ಕೂಡಲೇ ಮೂತಿ ಮೇಲೇಳುತ್ತದೆ. ಕೆಸರುಗದ್ದೆಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಇದ್ದರೆ ಬಿಚ್ಚಿಡಿ. ಟ್ರೈಲರಿನ ತಳ ತಗಡಿನದಾದರೆ ಅದರ ಮೇಲೆ ಕಬ್ಬಿಣಕ್ಕೆ ಹಿಡಿತವೇ ಇಲ್ಲ.

ಟೈರಿನ ಮಣ್ಣನ್ನು ಕಟ್ಟುವ ಮೊದಲೇ ಕೆರೆದು ತೆಗೆಯಬೇಕು. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಚೈನು ಬಿಗಿಯುವಾಗ ನೋಡಿ, ಟೈರಿನ ಉಬ್ಬು ಪಟ್ಟಿಗಳಾದ ಲಗ್ಗುಗಳ ಅಡಿಯಿಂದ ಕೆಂಪು ಮಣ್ಣು ಹಿಂಡಿಕೊಂಡು ಹೊರಬರುತ್ತದೆ. ದಾರಿಯಲ್ಲಿ ಅದು ಒಣಗಿ ಉದುರಿದಷ್ಟೂ ಚೈನು ಸಡಿಲ.

ನಿಲ್ಲಿಸಿದ ಮೇಲೆ ಲೋ ಗೇರ್, ಹ್ಯಾಂಡ್‌ಬ್ರೇಕ್. ಹಿಂದೆ ಮಣ್ಣು ಪುಡಿಮಾಡುವ ರೋಟವೇಟರ್ ಇದ್ದರೆ ಟ್ರೈಲರಿನ ತಳದ ಹಲಗೆಯ ಮೇಲೆ ಪೂರ್ತಿ ಇಳಿಸಿ ಬೇರೆ ಬೆಲ್ಟಿನಿಂದ ಕಟ್ಟುತ್ತೇನೆ. ಹೈಡ್ರಾಲಿಕ್ಕಿನಲ್ಲಿ ಎತ್ತಿಟ್ಟರೆ ಎಣ್ಣೆ ಸೋರಿ ತಾನಾಗಿ ಕುಸಿಯುತ್ತದೆ, ಅದಕ್ಕೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ಬೆಣೆಗಳನ್ನು ಹಿಂದಿನ ಎರಡೂ ಚಕ್ರಗಳ ಮುಂದೂ ಹಿಂದೂ ಇಟ್ಟು ಹಲಗೆಗೆ ಮೊಳೆ ಹೊಡೆಯಬೇಕು. ಬೆಣೆ ಚೈನಿಗೆ ಜೊತೆಯೇ ಹೊರತು ಬದಲಿಯಲ್ಲ.

ಚೈನು ನಾಲ್ಕು, ಮೂಲೆಗೊಂದು, ಪ್ರತಿಯೊಂದಕ್ಕೂ ಅದರದೇ ಟೈಟ್ನರ್. ಒಂದೇ ಉದ್ದ ಚೈನನ್ನು ಸುತ್ತಿ ತಂದರೆ ಒಂದು ಕೊಂಡಿ ಹೋದಾಗ ಇಡೀ ಕಟ್ಟೇ ಹೋಯಿತು. 8 ಮಿ.ಮೀ. ಗ್ರೇಡ್ 80 (ಉಕ್ಕಿನ ಬಲದ ದರ್ಜೆ) ಚೈನು 2 ಟನ್ ಹೊರುತ್ತದೆ, ಗುರುತು ಕೊಂಡಿಯ ಮೇಲೇ ಇರುತ್ತದೆ. ಗುರುತಿಲ್ಲದ ಚೈನನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಟ್ರ್ಯಾಕ್ಟರಿನ ಮುಖ ಎತ್ತ ಇದ್ದರೂ, ಟ್ರೈಲರಿನ ಬಾಲದ ಕಡೆಗೆ ಎಳೆಯುವ ಎರಡು ಚೈನುಗಳೇ ಘಾಟಿಯಲ್ಲಿ ಅದನ್ನು ಹಿಡಿದಿಡುವುದು. ಒಳ್ಳೆಯ ಚೈನು ಅಲ್ಲಿಗೇ. ನೆಲಕ್ಕೆ 45 ಡಿಗ್ರಿಯಲ್ಲಿ ಕಟ್ಟಿದರೆ ಶೇ. 70 ಶಕ್ತಿ ಉದ್ದಕ್ಕೆ ಸಿಗುತ್ತದೆ, 60 ಡಿಗ್ರಿಯಾದರೆ ಅರ್ಧ ಮಾತ್ರ. ಹಾಗಾಗಿ ಆದಷ್ಟು ಚಪ್ಪಟೆಯಾಗಿ ಎಳೆಯಬೇಕು, ಆದರೆ ಟೈರು ಸ್ವಲ್ಪ ಅದುಮುವಷ್ಟು ಕೆಳಮುಖವಾಗಿಯೂ ಇರಬೇಕು. ಒಂದು ಜೊತೆಯನ್ನು ಅಡ್ಡಹಾಯಿಸಿ ಕಟ್ಟುತ್ತೇನೆ, ತಿರುವಿನಲ್ಲಿ ಪಕ್ಕಕ್ಕೆ ಸರಿಯದಂತೆ.

ಕೊಕ್ಕೆ ಹಾಕುವ ಜಾಗ ಹಿಂದೆ ಟ್ರೈಲರ್ ಎಳೆಯುವ ಡ್ರಾಬಾರ್, ಹಿಂದಿನ ಆಕ್ಸಲ್ ಹೌಸಿಂಗ್ (ಅಚ್ಚಿನ ಗಟ್ಟಿ ಕವಚ), ಮುಂದೆ ತೂಕದ ಬಿಲ್ಲೆ ಕೂರುವ ಬ್ರಾಕೆಟ್. ಸ್ಟೇರಿಂಗ್ ರಾಡು, ಸಲಕರಣೆ ಎತ್ತುವ ಮೂರು ಲಿಂಕಿನ ತೋಳು, ಫುಟ್‌ರೆಸ್ಟ್ ಬೇಡ. ಟ್ರೈಲರಿನಲ್ಲೂ ಚಾಸಿಗೆ ಬೆಸುಗೆ ಹಾಕಿದ ಬಳೆಯೇ ಬೇಕು. ಪಕ್ಕದಲ್ಲಿರುವ ಸಣ್ಣ ಕೊಕ್ಕೆಗಳು ಟಾರ್ಪಾಲು ಕಟ್ಟಲು, ಟನ್ ಭಾರಕ್ಕೆ ಅವು ಬಿಚ್ಚಿಕೊಳ್ಳುತ್ತವೆ.

ನೈಲಾನ್ ಹಗ್ಗದ ಮೇಲೆ ನಂಬಿಕೆ ಇಡಬೇಡಿ. ನಮ್ಮ ಮಳೆಗೆ ನೆನೆದರೆ ಉದ್ದವಾಗುತ್ತದೆ, ಬಲವೂ ಕಡಿಮೆಯಾಗುತ್ತದೆ. ರ‍್ಯಾಚೆಟ್ ಬೆಲ್ಟಾದರೆ ಚೂಪು ಅಂಚಿನ ಮೇಲೆ ಹಳೆ ಟ್ಯೂಬಿನ ತುಂಡು ಹಾಸಿ. ಮೇಲ್ಮುಖದ ಸೈಲೆನ್ಸರನ್ನು ಮುಚ್ಚಿ ಕಟ್ಟಬೇಕು, ಮಳೆನೀರು ಎಂಜಿನ್ನಿಗೆ ಇಳಿಯುತ್ತದೆ. ಟರ್ಬೊ ಇದ್ದರಂತೂ ಗಾಳಿಗೆ ಅದು ಎಣ್ಣೆಯಿಲ್ಲದೆ ತಿರುಗಿ ಬೇರಿಂಗ್ ಸವೆಸಿಕೊಳ್ಳುತ್ತದೆ.

ಹೊರಟ ಐದು ಕಿಲೋಮೀಟರಿಗೆ ಒಮ್ಮೆ, ಘಾಟಿಯ ನೆತ್ತಿಯಲ್ಲಿ ಮತ್ತೊಮ್ಮೆ ನಿಲ್ಲಿಸಿ ಬಿಗಿಯಬೇಕು. ಹದಿನಾಲ್ಕು ಹೇರ್‌ಪಿನ್ ತಿರುವಿನ ಆಗುಂಬೆಗೆ ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿಷೇಧ ಬರುವುದುಂಟು, ಹೊರಡುವ ಮೊದಲೇ ವಿಚಾರಿಸಿ. ಇಳಿಸುವಾಗ ಟ್ರೈಲರನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಬ್ರೇಕ್ ನೋಡಿಕೊಂಡು ಚೈನು ಬಿಚ್ಚಿ, ಬೆಣೆ ಕೊನೆಗೆ ತೆಗೆಯಿರಿ. ಲಿವರ್ ಮಾದರಿಯ ಟೈಟ್ನರ್ ಬಿಡಿಸುವವರು ಹಿಡಿಕೆ ಹಾರುವ ದಿಕ್ಕಿನಲ್ಲಿ ಮುಖ ಇಡಬಾರದು.