ಮ್ಯಾಟ್ ಎತ್ತಿದಾಗ ಕಂಡ ತುಕ್ಕು

ನನ್ನದು ಬೊಲೆರೊ ಪಿಕಪ್. ಸೀಸನ್‌ನಲ್ಲಿ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುತ್ತದೆ. ಉಳಿದ ದಿನ ಕೊಟ್ಟಿಗೆ ಗೊಬ್ಬರ, ಪೊಟ್ಯಾಷ್ ಚೀಲ, ಸಿಮೆಂಟು. ಹಿಂದೆ ಲೋಡ್ ಹಾಕುವ ತಗಡಿನ ಬಾಡಿ ಮೇಲೆ ಗೀರು ಬೀಳಬಾರದು ಅಂತ ಕೊಂಡ ಹೊಸದರಲ್ಲೇ ರಬ್ಬರ್ ಮ್ಯಾಟ್ ಹಾಸಿದ್ದೆ. ಮೂರು ವರ್ಷ ಅದನ್ನು ಎತ್ತಿ ನೋಡಲೇ ಇಲ್ಲ. ಎತ್ತಿದ ದಿನ ಎದೆ ಧಸಕ್ಕೆಂದಿತು. ಒಡೆದ ಟೊಮೆಟೊ ರಸ, ತೊಳೆದ ನೀರು ಎಲ್ಲ ಕೆಳಗೇ ನಿಂತು ತಗಡಿನ ತಗ್ಗುಗಳ ಉದ್ದಕ್ಕೂ ತುಕ್ಕು. ಪೊಟ್ಯಾಷ್ ಕೂಡ ಒಂದು ಬಗೆಯ ಉಪ್ಪೇ ಅಲ್ವಾ? ಒದ್ದೆ ತಗಡಿಗೆ ಉದುರಿದರೆ ತುಕ್ಕು ಬೇಗ ಹಬ್ಬುತ್ತದೆ.

ಎರಡು ಡಬ್ಬಿ ಬೆರೆಸಿ ಬಳಿಯುವ ಪಿಯು (ಪಾಲಿಯುರೆಥೇನ್) ಕೋಟಿಂಗ್ ತರಿಸಿದೆ. 4 ಲೀಟರ್ ಕಿಟ್. ಮೊದಲು ಹಿಂಬದಿ ಡೋರ್‌ಗೆ ಮಾತ್ರ ಬಳಿದೆ. ಅವತ್ತು ಜಿಟಿಜಿಟಿ ಮಳೆ, ಶೆಡ್ ಒಳಗಿದ್ದರೂ ತಗಡು ತಣ್ಣಗೆ ಬೆವರಿತ್ತು. ಬೆಳಗಾಗುವಷ್ಟರಲ್ಲಿ ಮೈತುಂಬ ಗುಳ್ಳೆ. ಎರಡನೇ ಡಬ್ಬಿಯಲ್ಲಿರುವ ಹಾರ್ಡನರ್, ಅಂದರೆ ಕೋಟಿಂಗನ್ನು ಗಟ್ಟಿ ಮಾಡುವ ದ್ರವ, ನೀರಿನ ಜೊತೆ ಸೇರಿದರೆ ಗ್ಯಾಸ್ ಹುಟ್ಟುತ್ತದೆ, ಅದೇ ಗುಳ್ಳೆಯಾಗುತ್ತದೆ. ಅಷ್ಟನ್ನೂ ಕೆರೆದು ತೆಗೆದೆ. ಉಳಿದದ್ದನ್ನು ಫೆಬ್ರವರಿ ಬಿಸಿಲಿನವರೆಗೆ ಮುಟ್ಟಲಿಲ್ಲ.

ಬಳಿಯಲು ಅರ್ಧ ದಿನ ಸಾಕಾಯಿತು. ಕೆರೆಯಲು ಎರಡು ದಿನ ಪೂರ್ತಿ ಹಿಡಿಯಿತು. ಆ ಎರಡು ದಿನವನ್ನು ದಯವಿಟ್ಟು ಉಳಿಸಲು ಹೋಗಬೇಡಿ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ತುಕ್ಕನ್ನೆಲ್ಲ ಬಿಡಿಸಿದೆ. ಬೋಲ್ಟ್ ಸುತ್ತ, ಮೂಲೆ, ತಗಡು ತಗಡು ಸೇರುವ ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ಲಿ ಕೈಯಲ್ಲೇ 80 ನಂಬರ್ ಎಮರಿ ಪೇಪರ್‌ನಿಂದ ಉಜ್ಜಿದೆ. ಒಳಗೆ ಚೂರು ತುಕ್ಕು ಉಳಿದರೂ ಕೋಟಿಂಗ್ ಅಡಿಯಲ್ಲಿ ಅದು ಸುಮ್ನೆ ಬೆಳೆಯುತ್ತಾ ಹೋಗುತ್ತದೆ, ನಮಗೆ ಕಾಣುವುದೂ ಇಲ್ಲ. ತುಕ್ಕಿಲ್ಲದ ಕಡೆ ಹಳೆ ಪೇಂಟ್ ಪೂರ್ತಿ ತೆಗೆಯಬೇಕಿಲ್ಲ, ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು.

ಆಮೇಲೆ ಸೋಪು ನೀರಲ್ಲಿ ತೊಳೆದೆ. ಜಿಡ್ಡು ಹೋಗಿದೆಯಾ ಅಂತ ನೋಡಲು ತಗಡಿನ ಮೇಲೆ ನೀರು ಚಿಮುಕಿಸಿದೆ. ನೀರು ಹಾಳೆಯಂತೆ ಹರಡಿದರೆ ಸರಿ. ಹನಿಹನಿಯಾಗಿ ನಿಂತರೆ ಜಿಡ್ಡು ಇದೆ ಎಂದರ್ಥ. ಡೀಸೆಲ್ ಕ್ಯಾನ್ ಇಡುತ್ತಿದ್ದ ಜಾಗವನ್ನು ಮೂರು ಸಲ ತೊಳೆಯಬೇಕಾಯಿತು. ಚೆನ್ನಾಗಿ ಒಣಗಿಸಿ, ಬರಿ ತಗಡು ಕಂಡಲ್ಲೆಲ್ಲ ಎಪಾಕ್ಸಿ ಪ್ರೈಮರ್ ಹೊಡೆದು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಮೇಲ್ಮೇಲೆ ಹಗುರವಾಗಿ ಎಮರಿ ಆಡಿಸಿ ದೂಳು ಒರೆಸಿದೆ. ನೀರು ಇಳಿಯುವ ತೂತುಗಳಿಗೆ ಪೇಪರ್ ಸುರುಳಿ ತುರುಕಿದೆ. ಕೋಟಿಂಗ್ ತುಂಬಿ ತೂತು ಮುಚ್ಚಿಹೋದರೆ ಮತ್ತೆ ಹಳೆ ಕಥೆಯೇ.

ನನ್ನ ಕಿಟ್‌ನಲ್ಲಿ ಅಳತೆ ಮೂರಕ್ಕೆ ಒಂದು. ಬಿಸಿಲಲ್ಲಿ ಬೇಗ ಗಟ್ಟಿಯಾಗುವುದರಿಂದ ಒಂದು ಸಲಕ್ಕೆ ಒಂದೇ ಲೀಟರ್ ಕಲಸಿದೆ. 750 ಮಿಲಿ ಕೋಟಿಂಗ್, 250 ಮಿಲಿ ಹಾರ್ಡನರ್. ಸಂದಿಗಳಿಗೆ ಬ್ರಷ್, ಉಳಿದದ್ದಕ್ಕೆ ಒರಟು ರೋಲರ್. ತೆಳ್ಳಗೆ ಎರಡು ಕೋಟ್. ಮಾಸ್ಕ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬಟ್ಟೆ ಮಾಸ್ಕ್ ಸಾಲದು, ಕಾರ್ಬನ್ ಕಾರ್ಟ್ರಿಜ್ ಇರುವುದೇ ಬೇಕು. ಹಾರ್ಡನರ್‌ನ ಆವಿಯಿಂದ ಆಸ್ತಮಾ ಬರಬಹುದು. ಕೈಗೆ ಗ್ಲೌಸ್, ಶೆಡ್ ಬಾಗಿಲು ಪೂರ್ತಿ ತೆರೆದಿರಲಿ. ಮಾಸ್ಕಿಂಗ್ ಟೇಪನ್ನು ಕೋಟಿಂಗ್ ಹಸಿ ಇರುವಾಗಲೇ ಕಿತ್ತೆ, ಒಣಗಿದ ಮೇಲೆ ಎಳೆದರೆ ಅಂಚೂ ಜೊತೆಗೆ ಏಳುತ್ತದೆ.

ಸಂಜೆಗೆ ಕೈಗೆ ಅಂಟದಂತಾಯಿತು. ಆದರೂ ಒಂದು ವಾರ ಲೋಡ್ ಹಾಕಲಿಲ್ಲ.

ಅದಾದ ಮೇಲೆ ಎರಡು ಟೊಮೆಟೊ ಸೀಸನ್ ಕಳೆದಿವೆ. 15 ಕೆಜಿ ಕ್ರೇಟುಗಳು ಒರಟು ಮೈ ಮೇಲೆ ಮೊದಲಿನಷ್ಟು ಜಾರುವುದಿಲ್ಲ. ಡೋರ್ ಹತ್ತಿರ ಎಳೆದೂ ಎಳೆದೂ ಅಂಗೈಯಗಲ ಸವೆದಿತ್ತು. ಅಷ್ಟಕ್ಕೇ ಎಮರಿ ಉಜ್ಜಿ ಮತ್ತೆ ಬಳಿದೆ. ಮ್ಯಾಟ್ ಈಗ ಕೊಟ್ಟಿಗೆಯಲ್ಲಿದೆ, ಹಸು ಅದರ ಮೇಲೆ ಮಲಗುತ್ತದೆ.