ಸೀರೆಯ ಮೇಲೆ ಓಡಾಡುವ ಕಾಮನಬಿಲ್ಲು

ಎರಡು ಸೊಳ್ಳೆ ಪರದೆಗಳನ್ನು ಒಂದರ ಮೇಲೊಂದು ಹಿಡಿದು ಮೆಲ್ಲಗೆ ಸರಿಸಿ ನೋಡಿ. ಎರಡರಲ್ಲೂ ಇಲ್ಲದ ಅಲೆಗಳು ತೇಲತೊಡಗುತ್ತವೆ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ತೆಗೆದ ಮದುವೆ ವಿಡಿಯೊದಲ್ಲಿ ಇಳಕಲ್ ಸೀರೆಯ ಸಣ್ಣ ಚೌಕಳಿಯ ಮೇಲೆ ಹಸಿರು, ಗುಲಾಬಿ ಪಟ್ಟೆಗಳು ಓಡಾಡುವುದೂ ಇದೇ ಆಟ. ಒಂದು ಜಾಲರಿ ಬಟ್ಟೆಯದು, ಇನ್ನೊಂದು ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರಿನದು. ಇದು ಮೊಯಿರೆ. ವಿದ್ಯುತ್ ತಂತಿ, ಹೆಂಚಿನ ಸಾಲುಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಮಿನುಗಿದರೆ ಅದು ಅಲಿಯಾಸಿಂಗ್.

ಫೋಟೊದಲ್ಲಿ ಅಷ್ಟಾಗಿ ಕಾಣದ ಪೀಡೆ ವಿಡಿಯೊದಲ್ಲೇಕೆ? 2010ರ ಕ್ಯಾನನ್ 550ಡಿ ತೆಗೆದುಕೊಳ್ಳಿ. ಅದರ ಸೆನ್ಸರಿನಲ್ಲಿ 1.8 ಕೋಟಿ ಪಿಕ್ಸೆಲ್‌ಗಳಿವೆ. ಫುಲ್ ಎಚ್‌ಡಿ ಚೌಕಟ್ಟಿಗೆ ಬೇಕಾದುದು ಸುಮಾರು 21 ಲಕ್ಷ. ಎಲ್ಲವನ್ನೂ ಓದಿ ಕುಗ್ಗಿಸುವಷ್ಟು ವೇಗ ಅದಕ್ಕಿಲ್ಲ. ಹಾಗಾಗಿ ಸಾಲುಗಳನ್ನು ಬಿಟ್ಟು ಬಿಟ್ಟು ಓದುತ್ತದೆ. ಬಿಟ್ಟ ಸಾಲಿನಲ್ಲಿದ್ದ ವಿವರ ಸುಳ್ಳು ವಿನ್ಯಾಸವಾಗಿ ಮರಳಿ ಬರುತ್ತದೆ. 2008ರ 5ಡಿ ಮಾರ್ಕ್ 2 ಕೂಡ ಇದರಿಂದ ಪಾರಾಗಿಲ್ಲ.

ಇದನ್ನು ತಗ್ಗಿಸಲು ಮೊದಲ ಕೆಲಸ, ಕ್ಯಾಮೆರಾದ ಪಿಕ್ಚರ್ ಸ್ಟೈಲ್ ಮೆನುವಿನಲ್ಲಿ ಶಾರ್ಪ್‌ನೆಸ್ಸನ್ನು, ಅಂದರೆ ಹರಿತವನ್ನು, ಸೊನ್ನೆಗೆ ಇಳಿಸುವುದು. ಮೊಯಿರೆಯನ್ನು ಇದು ಅಳಿಸುವುದಿಲ್ಲ, ಎದ್ದು ಕಾಣದಂತೆ ಮಾಡುತ್ತದೆ. ಚಿತ್ರ ಕತ್ತಿಯಂತೆ ಹರಿತವಾಗಿರಬೇಕೆಂಬ ನಮ್ಮ ಹಟವೇ ಇಲ್ಲಿ ಅರ್ಧ ಶತ್ರು.

ಎರಡನೆಯದು ಕಾಲಿಗೆ ಕೆಲಸ. ಎರಡು ಹೆಜ್ಜೆ ಮುಂದೆ ಹೋಗಿ, ಇಲ್ಲವೇ ಹಿಂದೆ ಬನ್ನಿ. ಕ್ಯಾಮೆರಾವನ್ನು ತುಸು ಓರೆಯಾಗಿಸಿ. ಗೆರೆಗಳ ಗಾತ್ರ ಸೆನ್ಸರಿನ ಸಾಲುಗಳೊಡನೆ ಹೊಂದುವ ದೂರದಲ್ಲಷ್ಟೇ ಪಟ್ಟೆ ಏಳುತ್ತದೆ. ಹತ್ತಿರ ಹೋದಷ್ಟೂ ಗೆರೆ ದಪ್ಪವಾಗಿ ಕಾಣುತ್ತದೆ, ಕಾಟವೂ ತಗ್ಗುತ್ತದೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಸಲ ಇಷ್ಟೇ ಸಾಕು.

ಹಿನ್ನೆಲೆಯ ಇಟ್ಟಿಗೆ ಗೋಡೆ, ಕಿಟಕಿಯ ಜಾಲರಿಗಳಿಗೆ ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಮದ್ದು. 50 ಎಂಎಂ ಲೆನ್ಸನ್ನು ಎಫ್/2.8ಕ್ಕೆ ತೆರೆದರೆ ಹಿನ್ನೆಲೆ ಮಸುಕಾಗುತ್ತದೆ. ಮಸುಕಾದುದರಲ್ಲಿ ಮೊಯಿರೆ ಹುಟ್ಟದು. ಬಿಸಿಲಿನಲ್ಲಿ ಇದಕ್ಕೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಇಲ್ಲದಿದ್ದರೆ ಶಟರ್ ವೇಗ ವಿಡಿಯೊಗೆ ರೂಢಿಯಾದ 1/50 ಸೆಕೆಂಡನ್ನು ದಾಟಿ ಓಡುತ್ತದೆ. ಸೀರೆಯೇ ಮುಖ್ಯವಾದಾಗ ಫೋಕಸ್ಸನ್ನು ಕೂದಲೆಳೆಯಷ್ಟು ತಪ್ಪಿಸುವುದೂ ಒಂದು ಉಪಾಯ, ಆದರೆ ಮುಖ ಮಸುಕಾದರೆ ಮನೆಯವರು ಕ್ಷಮಿಸುವುದಿಲ್ಲ.

ಕ್ಯಾನನ್ 600ಡಿ ಇದ್ದವರು ಅದೃಷ್ಟವಂತರು. ಅದರ ವಿಡಿಯೊ ಡಿಜಿಟಲ್ ಜೂಮನ್ನು ಮೂರು ಪಟ್ಟಿಗೆ ಇಟ್ಟರೆ ಸೆನ್ಸರಿನ ನಡುಭಾಗವನ್ನಷ್ಟೇ, ಸಾಲು ಬಿಡದೆ ಓದುತ್ತದೆ. ಪಟ್ಟೆಗಳು ಬಹುಪಾಲು ಮಾಯ. ನೋಟ ಕಿರಿದಾಗುವುದರಿಂದ ಅಗಲದ ಲೆನ್ಸ್ ಹಾಕಿ.

ಕ್ಯಾಮೆರಾದ ಪುಟ್ಟ ಪರದೆಯನ್ನು ನಂಬಬೇಡಿ. ಅಲ್ಲಿ ಕಂಡ ಪಟ್ಟೆ ಫೈಲಿನಲ್ಲಿ ಇಲ್ಲದಿರಬಹುದು, ಕಾಣದ್ದು ಇರಬಹುದು. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ನೋಡಿ.

ಇಷ್ಟಾದರೂ ಉಳಿದ ಬಣ್ಣದ ಪಟ್ಟೆಯನ್ನು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ತಗ್ಗಿಸಬಹುದು. ನೋಡ್‌ನ (ಬಣ್ಣ ತಿದ್ದುವ ಒಂದು ಹಂತದ) ಕಲರ್ ಸ್ಪೇಸನ್ನು ಬೆಳಕು, ಬಣ್ಣಗಳನ್ನು ಬೇರೆಬೇರೆ ಇಡುವ YUVಗೆ ಬದಲಿಸಿ, ಬೆಳಕಿನ ಚಾನೆಲ್ ಮುಚ್ಚಿ, ಬಣ್ಣದ ಉಳಿದೆರಡಕ್ಕೆ ಬ್ಲರ್ ಕೊಡಿ. ಸೀರೆಯ ಸುತ್ತ ವಿಂಡೊ (ಗಡಿರೇಖೆ) ಎಳೆದು, ಸೀರೆ ಚಲಿಸಿದಂತೆ ಅದೂ ಚಲಿಸುವಂತೆ ಟ್ರ್ಯಾಕ್ ಮಾಡಿದರೆ ಬೇರೆ ಬಣ್ಣಗಳು ಕೆಡುವುದಿಲ್ಲ. ತಂತಿಯ ಮೆಟ್ಟಿಲು ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅಂಥ ಕಡೆ ಬೇರೆ ದೂರದಿಂದ ಇನ್ನೊಂದು ಶಾಟ್ ತೆಗೆದಿಟ್ಟಿದ್ದರೆ ಎಡಿಟ್‌ನಲ್ಲಿ ಅದನ್ನೇ ಹಾಕಿ.